ಮನೆಗಂದಾಯವೂ ಪೌರನ ತಕರಾರೂ

‘ಕಿರುಕುಳ’ ಎಂಬ ಮಾತು ಇಂದು ನಮ್ಮ ಬಾಯಲ್ಲಿ ಕಾಟ, ಪೀಡೆ ಎಂಬ ಅರ್ಥವನ್ನು ಮಾತ್ರ ಉಳಿಸಿಕೊಂಡಿದೆ. ಆದರೆ ಕನ್ನಡ ಶಾಸನಗಳನ್ನು ಓದಿದವರಿಗೆ ಅದು ಹೆಜ್ಜುಂಕ, ಬಿಲ್ಕೊಡೆ, ವಡ್ಡರಾವುಳಗಳ ಸಾಲಿನಲ್ಲಿ ಕುಳಿತಿರುವ ಒಂದು ತೆರಿಗೆಯ ಹೆಸರಾಗಿಯೂ ಪರಿಚಿತ. ದೊಡ್ಡ ಸುಂಕಗಳ ಪಕ್ಕದಲ್ಲಿ ಬಿಡಿಬಿಡಿಯಾಗಿ ಎತ್ತುತ್ತಿದ್ದ ಸಣ್ಣಪುಟ್ಟ ತೆರಿಗೆಗಳಿಗೆ ಆ ಹೆಸರಿತ್ತು. ತೆರಿಗೆಯ ಹೆಸರು ಕಾಲಕ್ರಮದಲ್ಲಿ ಪೀಡೆಯ ಹೆಸರಾಯಿತೆಂದರೆ, ತೆತ್ತವರ ಅನುಭವ ಹೇಗಿದ್ದಿರಬೇಕೆಂಬುದನ್ನು ಬೇರೆ ಸಾಕ್ಷಿಗಳಿಲ್ಲದೆಯೇ ಊಹಿಸಬಹುದು. ದತ್ತಿಭೂಮಿಗೆ ಕರವಿನಾಯಿತಿ ಕೊಡುವಾಗ ಅದೇ ಶಾಸನಗಳು ‘ಸರ್ವಬಾಧಾಪರಿಹಾರ’ ಎನ್ನುತ್ತವೆ. ಕರವೂ ಬಾಧೆಗಳ ಪೈಕಿಯೇ ಎಂಬುದನ್ನು ಬರೆಸಿದ ಅರಸರೂ ಒಪ್ಪಿಕೊಂಡಿದ್ದರು. ‘ಮನೆದೆರೆ’, ‘ಮನೆವಣ’ ಎಂಬ ಹೆಸರುಗಳೂ ಆ ಕಲ್ಲುಗಳ ಮೇಲೆ ಉಂಟು. ಮನುಷ್ಯನು ತಾನು ವಾಸಿಸುವ ಮನೆಗೆ ತೆರುವ ತೆರಿಗೆ ನಮಗೆ ಹೊಸದಲ್ಲ. ಅದರ ಬಗೆಗಿನ ಅಸಮಾಧಾನವೂ ಹೊಸದಲ್ಲ.

ಕನ್ನಡ ಪಾಠ ಹೇಳುವ ನನಗೆ ಪೌರಸಂಸ್ಥೆಗಳ ಹಣಕಾಸಿನ ಗೊಡವೆ ಏಕೆಂದು ವಾಚಕರು ಕೇಳಬಹುದು. ಕಂದಾಯದ ನೋಟೀಸೂ ಒಂದು ಪಠ್ಯವೇ. ಅದರಲ್ಲಿರುವ ಮಾತುಗಳು ಯಾರ ಅಧಿಕಾರವನ್ನು ತೋರಿಸುತ್ತವೆ, ಯಾರ ಹಕ್ಕನ್ನು ಮರೆಸುತ್ತವೆ ಎಂದು ವಿಚಾರಿಸುವುದು ಭಾಷೆಯ ವಿದ್ಯಾರ್ಥಿಗೆ ಹೊರತಾದ ಕೆಲಸವೆಂದು ನನಗೆ ತೋರುವುದಿಲ್ಲ. ಮೇಲಾಗಿ ಈಚಿನ ವರ್ಷಗಳಲ್ಲಿ ಮನೆಗಂದಾಯ ಏರುತ್ತಿರುವ ವೇಗವನ್ನೂ, ಅದನ್ನು ಪ್ರಶ್ನಿಸುವ ದಾರಿಗಳು ಕಿರಿದಾಗುತ್ತಿರುವುದನ್ನೂ ನೋಡಿದರೆ, ಸುಮ್ಮನಿರುವುದು ವಿದ್ಯಾವಂತರಿಗೆ ಉಚಿತವಲ್ಲ.

ಮೊದಲು ಪುರಸಭೆಗಳ ಪರವಾದ ಮಾತನ್ನು ಹೇಳಿಬಿಡುವುದು ನ್ಯಾಯ. ಊರೊಳಕ್ಕೆ ಬರುವ ಸರಕಿನ ಮೇಲೆ ನಾಕೆಯಲ್ಲಿ ಎತ್ತುತ್ತಿದ್ದ ಆಕ್ಟ್ರಾಯ್ ಸುಂಕ ನಮ್ಮ ರಾಜ್ಯದಲ್ಲಿ 1979ರಲ್ಲಿ ರದ್ದಾಯಿತು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ಪ್ರವೇಶ ತೆರಿಗೆ, ಮನರಂಜನಾ ತೆರಿಗೆ ಮೊದಲಾದವು ಅದರಲ್ಲಿ ಕರಗಿಹೋದವು. ಊರಿನ ಆಡಳಿತಕ್ಕೆ ತನ್ನದೆಂದು ಹೇಳಿಕೊಳ್ಳಲು ಉಳಿದಿರುವ ದೊಡ್ಡ ಆದಾಯ ಮನೆಗಂದಾಯವೊಂದೇ. ಅದೂ ನಮ್ಮ ದೇಶದಲ್ಲಿ ಒಟ್ಟು ಉತ್ಪನ್ನದ ಶೇಕಡಾ 0.2ರಷ್ಟನ್ನೂ ಮುಟ್ಟುವುದಿಲ್ಲ, ಮುಂದುವರಿದ ದೇಶಗಳಲ್ಲಿ ಅದು ಇದಕ್ಕಿಂತ ಅನೇಕ ಪಾಲು ಹೆಚ್ಚು. ಬೀದಿ ಗುಡಿಸುವವರಿಗೆ ಸಂಬಳವಾಗಬೇಕು, ಚರಂಡಿ ಹರಿಯಬೇಕು, ದೀಪ ಉರಿಯಬೇಕು. ಇವೆಲ್ಲ ಆಗಬೇಕು, ಕಂದಾಯ ಮಾತ್ರ ಮೂವತ್ತು ವರ್ಷದ ಹಿಂದಿನದೇ ಇರಬೇಕು ಎನ್ನುವುದು ಪೌರನಿಗೆ ಶೋಭಿಸುವ ವಾದವಲ್ಲ.

ಕಂದಾಯ ಏರಿಸಬೇಕೆಂಬ ಒತ್ತಡ ಈಗ ಊರಿನ ಒಳಗಿನಿಂದ ಮಾತ್ರವೇ ಬರುತ್ತಿಲ್ಲವೆಂಬುದನ್ನೂ ಗಮನಿಸಬೇಕು. 2020ರಲ್ಲಿ ಕೇಂದ್ರ ಸರ್ಕಾರವು ರಾಜ್ಯಗಳಿಗೆ ಹೆಚ್ಚಿನ ಸಾಲವೆತ್ತಲು ಅನುಮತಿ ಕೊಡುವಾಗ ಕೆಲವು ಸುಧಾರಣೆಗಳ ಷರತ್ತನ್ನು ಹಾಕಿತು. ಆಸ್ತಿ ತೆರಿಗೆಯ ಕನಿಷ್ಠ ದರವನ್ನು ನೋಂದಣಿಯ ಬೆಲೆಗೆ ಹೊಂದಿಸಿ ಪ್ರಕಟಿಸಬೇಕು, ಬೆಲೆ ಏರಿದಂತೆ ಆ ದರವನ್ನೂ ಕಾಲಕಾಲಕ್ಕೆ ಏರಿಸಬೇಕು ಎಂಬುದು ಅವುಗಳಲ್ಲಿ ಒಂದು. ಹದಿನೈದನೆಯ ಹಣಕಾಸು ಆಯೋಗವೂ ನಗರಗಳ ಅನುದಾನಕ್ಕೆ ಇಂಥದೇ ಷರತ್ತನ್ನು ವಿಧಿಸಿತು. ನಮ್ಮ ರಾಜ್ಯದ ಪೌರಾಡಳಿತ ಕಾನೂನುಗಳಿಗೆ 2021ರಲ್ಲಿ ತಿದ್ದುಪಡಿಗಳಾದುದರ ಹಿನ್ನೆಲೆ ಇದು. ಹೀಗೆ ದಿಲ್ಲಿಯಲ್ಲಿ ಹುಟ್ಟಿದ ಒಂದು ನಿಬಂಧನೆ, ಬೆಂಗಳೂರಿನ ವಿಧಾನಸೌಧವನ್ನು ಹಾಯ್ದು, ಯಾವುದೋ ತಾಲ್ಲೂಕು ಕೇಂದ್ರದ ಓಣಿಯಲ್ಲಿರುವ ಹೆಂಚಿನ ಮನೆಯ ಚೀಟಿಗೆ ಬಂದು ಇಳಿಯುತ್ತದೆ. ಆ ಮನೆಯವನು ತಕರಾರು ಹೇಳಬೇಕೆಂದರೆ ಯಾರ ಮುಂದೆ ಹೇಳಬೇಕು? ಇಂದಿನ ಮುಖ್ಯ ಪ್ರಶ್ನೆ ಇದೇ ಎಂದು ನಾನು ತಿಳಿದಿದ್ದೇನೆ.

ಹಿಂದೆ ಇದಕ್ಕೆ ಒಂದು ಉತ್ತರವಿತ್ತು. ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು ಎಂಬುದರ ಮೇಲೆ ಕಂದಾಯ ನಿಲ್ಲುತ್ತಿತ್ತು. ಪುರಸಭೆಯವರು ಮನೆ ನೋಡಿ, ಮೌಲ್ಯ ಕಟ್ಟಿ, ಪಟ್ಟಿ ತಯಾರಿಸಿ, ಸಾರ್ವಜನಿಕರ ಕಣ್ಣಿಗೆ ಬೀಳುವಂತೆ ಇಡಬೇಕು, ಆಕ್ಷೇಪಣೆ ಕರೆಯಬೇಕು, ವಿಚಾರಿಸಿ ಆಮೇಲೆ ಪಟ್ಟಿಯನ್ನು ಕಾಯಂ ಮಾಡಬೇಕು. ಇದರಲ್ಲಿ ಲಂಚಕ್ಕೆ ಅವಕಾಶವಿತ್ತು, ದಾಕ್ಷಿಣ್ಯಕ್ಕೆ ಅವಕಾಶವಿತ್ತು. ಒಂದೇ ಬೀದಿಯ ಎರಡು ಸಮಾನ ಮನೆಗಳಿಗೆ ಅಜಗಜಾಂತರ ಕಂದಾಯ ಬೀಳುವುದೂ ಇತ್ತು. ಇಷ್ಟಾದರೂ ಮನೆಯವನ ಎದುರಿಗೆ ಒಬ್ಬ ಮನುಷ್ಯನಿದ್ದ. ‘ಇದು ಹೆಚ್ಚಾಯಿತು’ ಎಂದು ಹೇಳಲು ಒಂದು ದಿನ, ಒಂದು ಕಚೇರಿ, ಒಂದು ಅರ್ಜಿ ಇದ್ದವು.

ಆ ಪದ್ಧತಿ ಕುಸಿದುದಕ್ಕೆ ನ್ಯಾಯಾಲಯದ ತೀರ್ಪುಗಳೂ ಒಂದು ಕಾರಣ. ಬಾಡಿಗೆ ನಿಯಂತ್ರಣದ ಕಾನೂನು ಗೊತ್ತುಮಾಡಿದ ಬಾಡಿಗೆಗಿಂತ ಹೆಚ್ಚಿನ ಮೌಲ್ಯವನ್ನು ಪುರಸಭೆ ಕಟ್ಟಕೂಡದೆಂದು ಕಲ್ಕತ್ತೆಯ ಪದ್ಮಾದೇವಿ ಪ್ರಕರಣದಲ್ಲಿ, ಮುಂದೆ ದಿಲ್ಲಿಯ ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. ನ್ಯಾಯವಾದ ಮಾತು, ಆದರೆ ಬಾಡಿಗೆಯನ್ನು ಕಾನೂನು ಕಟ್ಟಿಹಾಕಿದ್ದ ಊರುಗಳಲ್ಲಿ ಕಂದಾಯವೂ ಕಟ್ಟುಬಿದ್ದು ನಿಂತಿತು. ಆಗ ನಗರಗಳು ಬೇರೆ ದಾರಿ ಹುಡುಕಿದವು. 1993ರಲ್ಲಿ ಪಾಟ್ನಾ ನಗರವು ಮನೆಯ ವಿಸ್ತೀರ್ಣ, ಬೀದಿ, ಕಟ್ಟಡದ ಜಾತಿ, ಉಪಯೋಗ ಇವುಗಳನ್ನು ಹಿಡಿದು ಲೆಕ್ಕಹಾಕುವ ಕ್ರಮವನ್ನು ತಂದಿತು. ಅದನ್ನು ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಬೆಂಗಳೂರಿನಲ್ಲಿ 2000ದಲ್ಲಿ ಐಚ್ಛಿಕವಾಗಿ ಇಂಥದೊಂದು ಯೋಜನೆ ಬಂದು, 2008ರಲ್ಲಿ ‘ಘಟಕ ಪ್ರದೇಶ ಮೌಲ್ಯ’ ಎಂಬ ರೂಪದಲ್ಲಿ ನೆಲೆಯಾಯಿತು. ರಾಜ್ಯದ ಇತರ ಪಟ್ಟಣಗಳಲ್ಲಿ 2002ರಿಂದ ಆಸ್ತಿಯ ಬೆಲೆಯನ್ನೇ ಆಧಾರವಾಗಿ ಹಿಡಿಯುವ ಕ್ರಮ ಬಂದಿತು.

ಈ ಹೊಸ ಪದ್ಧತಿಯ ಇಂಗ್ಲಿಷ್ ಹೆಸರು ‘ಸೆಲ್ಫ್ ಅಸೆಸ್‌ಮೆಂಟ್’. ತನ್ನ ತೆರಿಗೆಯನ್ನು ತಾನೇ ನಿರ್ಧರಿಸಿಕೊಳ್ಳುವುದೆಂದು ಅದರ ಅರ್ಥ. ಕನ್ನಡದಲ್ಲಿ ಅದು ‘ಸ್ವಯಂಘೋಷಿತ ಆಸ್ತಿ ತೆರಿಗೆ’ ಎಂದಾಯಿತು. ಅನುವಾದ ಮಾಡಿದವರು ಯಾರೋ ತಿಳಿಯದು; ಅವರು ಅರಿತೋ ಅರಿಯದೆಯೋ ಮೂಲಕ್ಕಿಂತ ಸತ್ಯವಾದ ಹೆಸರನ್ನು ಇಟ್ಟಿದ್ದಾರೆ. ಮನೆಯವನು ಇಲ್ಲಿ ಘೋಷಿಸುತ್ತಾನೆ, ಅಷ್ಟೆ. ನನ್ನ ಮನೆ ಇಷ್ಟು ಚದರಡಿ, ಇಷ್ಟು ವರ್ಷದ ಹಳೆಯದು, ಇದರಲ್ಲಿ ನಾನೇ ಇದ್ದೇನೆ ಅಥವಾ ಬಾಡಿಗೆಗೆ ಕೊಟ್ಟಿದ್ದೇನೆ ಎಂದು ಅವನು ಹೇಳಬಹುದು. ಅದಕ್ಕೆ ಎಷ್ಟು ದರ, ಅವನ ಬೀದಿ ಯಾವ ವಲಯ, ಈ ವರ್ಷ ಏರಿಕೆ ಎಷ್ಟು ಎಂಬ ನಿರ್ಧಾರಗಳೆಲ್ಲ ಬೇರೆಡೆಯಲ್ಲಿ, ಬೇರೆಯವರಿಂದ, ಅವನು ಅರ್ಜಿಯನ್ನು ತೆರೆಯುವ ಮೊದಲೇ ಆಗಿಹೋಗಿರುತ್ತವೆ. ಘೋಷಿಸಿದವನು ತಾನೇ ಆದ್ದರಿಂದ ತಕರಾರು ಹೇಳುವ ಬಾಯಿಯೂ ಕಟ್ಟಿದಂತಾಗುತ್ತದೆ: ನೀನೇ ಬರೆದುಕೊಟ್ಟ ಲೆಕ್ಕಕ್ಕೆ ನೀನೇ ಆಕ್ಷೇಪಿಸುವುದೆಂತು?

ಲೆಕ್ಕ ಹೇಗೆ ನಡೆಯುತ್ತದೆಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. 2008ರ ಬೆಂಗಳೂರಿನ ಕ್ರಮದಲ್ಲಿ, ಒಂದು ಸಾವಿರ ಚದರಡಿಯ ಸ್ವಂತ ವಾಸದ ಮನೆಗೆ ಚದರಡಿಗೆ ತಿಂಗಳಿಗೆ 2 ರೂಪಾಯಿ ದರವೆಂದು ಹಿಡಿಯೋಣ. ವರ್ಷಕ್ಕೆ ಹತ್ತು ತಿಂಗಳ ಲೆಕ್ಕ. ಆದ್ದರಿಂದ 20,000 ರೂಪಾಯಿ. ಮನೆಯ ವಯಸ್ಸಿಗೆ ತಕ್ಕ ಸವಕಳಿ ಶೇಕಡಾ 30 ಎಂದಾದರೆ ಉಳಿದದ್ದು 14,000. ಅದರ ಶೇಕಡಾ 20ರಷ್ಟು, ಎಂದರೆ 2,800 ರೂಪಾಯಿ ತೆರಿಗೆ. ಅದರ ಮೇಲೆ ಶೇಕಡಾ 24ರಂತೆ ಉಪಕರಗಳು 672. ಒಟ್ಟು 3,472 ರೂಪಾಯಿ. ಮನೆಯವನು ಸವಕಳಿಯ ಅಂಕಣವನ್ನು ತಪ್ಪಾಗಿ ತುಂಬಿ ಅದರ ಲಾಭವನ್ನು ಪೂರ್ತಿ ಕಳೆದುಕೊಂಡನೆಂದರೆ ಅವನು ತೆರುವುದು 4,960. ವರ್ಷಕ್ಕೆ 1,488 ರೂಪಾಯಿ ಅಧಿಕ. ಸ್ವಂತ ವಾಸದ ಮನೆಯನ್ನು ಬಾಡಿಗೆಯದೆಂದು ಗುರುತು ಹಾಕಿದರೆ ಹೊರೆ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಒಂದು ಸಲ ತಪ್ಪಾಗಿ ಬರೆದುದು ಮುಂದಿನ ವರ್ಷಗಳ ಲೆಕ್ಕಕ್ಕೂ ತಳಹದಿಯಾಗಿ ಕೂರುತ್ತದೆ.

ಇಲ್ಲೊಂದು ಅಸಮತೆಯನ್ನು ಕಾಣಬೇಕು. ಕಡಮೆ ಬರೆದುಕೊಂಡವನಿಗೆ ನೋಟೀಸು ಬರುತ್ತದೆ. ಹೆಚ್ಚು ಬರೆದುಕೊಂಡವನಿಗೆ ರಸೀದಿ ಬರುತ್ತದೆ. 2016ರಲ್ಲಿ ಬೆಂಗಳೂರಿನ ವಲಯಗಳನ್ನು ಪುನಃ ವಿಂಗಡಿಸಲಾಯಿತು. ವಾಸದ ಮನೆಗಳ ದರ ಶೇಕಡಾ 20ರಷ್ಟೂ ಇತರ ಕಟ್ಟಡಗಳದು ಶೇಕಡಾ 25ರಷ್ಟೂ ಏರಿತು. ಅನೇಕರು ಹಳೆಯ ವಲಯವನ್ನೇ ಹಿಡಿದು ಕಂದಾಯ ಕಟ್ಟುತ್ತ ಬಂದರು. ಪಾಲಿಕೆ ಅದನ್ನು ಸ್ವೀಕರಿಸುತ್ತಲೂ ಬಂದಿತು. 2021ರಲ್ಲಿ ಸುಮಾರು 78 ಸಾವಿರ ಮಾಲೀಕರಿಗೆ ವಲಯ ತಪ್ಪಾಗಿದೆಯೆಂದು ನೋಟೀಸುಗಳು ಹೋದವು. ವ್ಯತ್ಯಾಸದ ಮೇಲೆ ದಂಡ, ಬಡ್ಡಿ ಎಲ್ಲ ಸೇರಿದ್ದವು. ಹಣ ತೆಗೆದುಕೊಂಡು ರಸೀದಿ ಕೊಟ್ಟ ಸಂಸ್ಥೆಯೇ ಐದು ವರ್ಷದ ಮೇಲೆ ಬಂದು ನೀವು ತಪ್ಪಿದಿರಿ ಎಂದರೆ ಜನ ಸಿಟ್ಟಾಗುವುದು ಸಹಜ. ಕೂಗು ಎದ್ದ ಮೇಲೆ ದಂಡ, ಬಡ್ಡಿಗಳನ್ನು ಬಿಡುವ ನಿರ್ಧಾರವಾಯಿತು. ಕಾನೂನು ಮೊದಲೇ ಮಾಡಬೇಕಾಗಿದ್ದುದನ್ನು ಕೂಗು ಮಾಡಿಸಿತು. ಆದರೆ ಗದ್ದಲದಿಂದ ದೊರೆತ ನ್ಯಾಯಕ್ಕೂ ವಿಚಾರಣೆಯಿಂದ ದೊರೆತ ನ್ಯಾಯಕ್ಕೂ ಭೇದವುಂಟು. ವಿಚಾರಣೆ ಒಬ್ಬನೇ ಬಂದರೂ ನ್ಯಾಯ ಕೊಡುತ್ತದೆ. ಗದ್ದಲಕ್ಕೆ ಗುಂಪು ಬೇಕು.

ಇನ್ನು ಆಸ್ತಿಯ ಬೆಲೆಯ ವಿಷಯ. ರಾಜ್ಯದ ಬಹುತೇಕ ಪಟ್ಟಣಗಳಲ್ಲಿ ಕಂದಾಯವು ‘ಮಾರ್ಗಸೂಚಿ ಬೆಲೆ’ಗೆ ಅಂಟಿಕೊಂಡಿದೆ. ಈ ಬೆಲೆಯನ್ನು ಗೊತ್ತುಮಾಡುವವರು ಪುರಸಭೆಯವರಲ್ಲ. 1957ರ ಕರ್ನಾಟಕ ಸ್ಟ್ಯಾಂಪು ಕಾಯಿದೆಯ ಕೆಳಗೆ ರಚಿತವಾದ ಕೇಂದ್ರ ಮೌಲ್ಯಮಾಪನ ಸಮಿತಿ ಮತ್ತು ಅದರ ಉಪಸಮಿತಿಗಳು. ಕ್ರಯಪತ್ರದಲ್ಲಿ ಬೆಲೆಯನ್ನು ಕಡಮೆ ತೋರಿಸಿ ಸ್ಟ್ಯಾಂಪು ಶುಲ್ಕ ತಪ್ಪಿಸುವವರನ್ನು ತಡೆಯುವುದು ಅದರ ಮೂಲ ಉದ್ದೇಶ. ಮಾರುವವನ ಕೈಗೆ ಆ ದಿನ ಹಣ ಬರುತ್ತದೆ. ಕೊಳ್ಳುವವನಲ್ಲಿ ಕೊಡುವ ಶಕ್ತಿ ಇದ್ದೇ ಇರುತ್ತದೆ. ಅಂಥ ಸಂದರ್ಭಕ್ಕೆ ಕಟ್ಟಿದ ಬೆಲೆ ಅದು. ಅದನ್ನೇ, ಮಾರುವ ಯೋಚನೆ ಕನಸಿನಲ್ಲಿಯೂ ಇಲ್ಲದೆ ತಂದೆಯ ಕಾಲದ ಮನೆಯಲ್ಲಿ ಕುಳಿತಿರುವ ಮನುಷ್ಯನ ವರ್ಷವರ್ಷದ ಹೊರೆಗೆ ಅಳತೆಗೋಲು ಮಾಡಿದರೆ ಏನಾಗುತ್ತದೆ? ಹತ್ತಿರದಲ್ಲಿ ಒಂದು ವರ್ತುಲ ರಸ್ತೆ ಬಂದರೆ, ಎದುರು ಬೀದಿಯಲ್ಲಿ ನಾಲ್ಕು ಅಂಗಡಿಗಳೆದ್ದರೆ, ಅವನು ಕಾಗದದ ಮೇಲೆ ಶ್ರೀಮಂತನಾಗುತ್ತಾನೆ. ಅವನ ನಿವೃತ್ತಿವೇತನ ಮಾತ್ರ ಮೊದಲಿದ್ದಂತೆಯೇ ಇರುತ್ತದೆ. ಗಂಡನನ್ನು ಕಳೆದುಕೊಂಡು, ಮುಂಭಾಗದ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟು ಜೀವನ ಸಾಗಿಸುವ ವೃದ್ಧೆಯರು ನಮ್ಮ ಹಳೆಯ ಬಡಾವಣೆಗಳಲ್ಲಿ ಎಷ್ಟು ಮಂದಿ ಇಲ್ಲ! ಅವರಿಗೆ ಬೆಲೆ ಏರುವುದು ಲಾಭದ ವಾರ್ತೆಯಲ್ಲ.

2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲಿ ಮಾರ್ಗಸೂಚಿ ಬೆಲೆಗಳು ಪರಿಷ್ಕೃತವಾದಾಗ ಏರಿಕೆ ಸರಾಸರಿ ಶೇಕಡಾ 30ರಷ್ಟೆಂದು ಸರ್ಕಾರ ಹೇಳಿತು. ಪರಿಷ್ಕರಣೆಗೆ ಮುನ್ನ ಕರಡು ಪಟ್ಟಿಯನ್ನು ಪ್ರಕಟಿಸಿ, ಆಕ್ಷೇಪಣೆ ಸಲ್ಲಿಸಲು ಹದಿನೈದು ದಿನಗಳ ಕಾಲಾವಕಾಶ ಕೊಡುವುದು ರೂಢಿ. ಈ ಹದಿನೈದು ದಿನಗಳೇ ನಮ್ಮ ಕಾಲದ ನಿಜವಾದ ತಕರಾರಿನ ದಿನಗಳು. ಕಂದಾಯದ ಚೀಟಿ ಬಂದ ಮೇಲೆ ಪುರಸಭೆಯ ಗುಮಾಸ್ತನ ಮುಂದೆ ಕೂಗಾಡಿ ಪ್ರಯೋಜನವಿಲ್ಲ. ಅವನ ಕೈಯಲ್ಲಿ ಕೋಷ್ಟಕವೊಂದು ಇದೆ, ಅದನ್ನು ತಿದ್ದುವ ಅಧಿಕಾರ ಅವನಿಗಿಲ್ಲ. ಕೋಷ್ಟಕ ಇನ್ನೂ ಕರಡಾಗಿರುವಾಗ, ನಮ್ಮ ಬೀದಿಗೆ ಏಕೆ ಈ ಬೆಲೆ, ಮುಖ್ಯರಸ್ತೆಯ ದರವನ್ನು ಒಳಗಿನ ಸಂದಿಗೇಕೆ ಹಾಕಿದಿರಿ ಎಂದು ಕೇಳಬೇಕು. ಆದರೆ ಆ ದಿನಗಳು ಬಂದುದೂ ಹೋದುದೂ ಬಹುಮಂದಿಗೆ ತಿಳಿಯುವುದಿಲ್ಲ. ನೋಂದಣಿ ಕಚೇರಿಯ ಹಲಗೆಯ ಮೇಲೆ ಅಂಟಿಸಿದ ಪಟ್ಟಿಯನ್ನು ಓದುವವರು ದಸ್ತಾವೇಜು ಬರಹಗಾರರು ಮತ್ತು ನಿವೇಶನ ವ್ಯಾಪಾರಿಗಳು. ಮನೆಯಲ್ಲಿ ಸುಮ್ಮನೆ ವಾಸಿಸುವವನು ಆ ಕಚೇರಿಗೆ ಹೋಗುವ ಕಾರಣವಾದರೂ ಏನು?

ತಕರಾರಿನಿಂದ ಕಾನೂನು ತಿದ್ದಿಕೊಂಡ ದೃಷ್ಟಾಂತಗಳು ನಮ್ಮಲ್ಲಿ ಇಲ್ಲದೆ ಇಲ್ಲ. 1961ರಲ್ಲಿ ಕೇರಳವು ಕಟ್ಟಡ ತೆರಿಗೆಯ ಒಂದು ಕಾಯಿದೆಯನ್ನು ಮಾಡಿ, ನೆಲದ ವಿಸ್ತೀರ್ಣವೊಂದನ್ನೇ ಆಧಾರವಾಗಿ ಹಿಡಿದಿತು. ಪಟ್ಟಣದ ಭವ್ಯ ಕಟ್ಟಡಕ್ಕೂ ಹಳ್ಳಿಯ ಉಗ್ರಾಣಕ್ಕೂ ಚದರಡಿ ಸಮವಾಗಿದ್ದರೆ ತೆರಿಗೆಯೂ ಸಮ. ಅಸಮಾನವಾದುದನ್ನು ಸಮಾನವಾಗಿ ಕಾಣುವುದೂ ಸಮಾನತೆಯ ಭಂಗವೇ ಎಂಬ ಆಧಾರದ ಮೇಲೆ ಸರ್ವೋಚ್ಚ ನ್ಯಾಯಾಲಯ ಆ ದಶಕದ ಕೊನೆಯಲ್ಲಿ ಅದನ್ನು ಅಸಿಂಧುವೆಂದಿತು. ಈಚೆಗೆ ಮುಂಬಯಿಯಲ್ಲಿ, ಆಸ್ತಿಯ ಬೆಲೆಯನ್ನು ಹಿಡಿದು ತೆರಿಗೆ ಹಾಕುವ 2010ರ ನಿಯಮಗಳು, ಜಾಗದಲ್ಲಿ ಇಂದು ಇರುವ ಕಟ್ಟಡದ ಜೊತೆಗೆ ಮುಂದೆ ಕಟ್ಟಬಹುದಾದ ಅಂತಸ್ತುಗಳ ಸಾಧ್ಯತೆಯನ್ನೂ ಲೆಕ್ಕಕ್ಕೆ ಸೇರಿಸಿದ್ದವು. ಮಾಲೀಕರು ಪ್ರಶ್ನಿಸಿದರು. 2019ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೂ 2022ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವೂ ಅಂಥ ನಿಯಮಗಳನ್ನು ತಳ್ಳಿಹಾಕಿದವು. ಇನ್ನೂ ಹುಟ್ಟದ ಕಟ್ಟಡಕ್ಕೆ ಇಂದೇ ಕಂದಾಯ ಕೇಳಲಾಗದೆಂಬುದು ಅದರ ಸಾರ. ಮಾತು ಎಷ್ಟು ಸರಳವಾಗಿದೆ! ಅದನ್ನು ಹೇಳಿಸಲು ಹನ್ನೆರಡು ವರ್ಷ ಹಿಡಿಯಿತು. ಸಂಘಕಟ್ಟಿ ವಕೀಲರನ್ನು ಇಡಬಲ್ಲ ಮುಂಬಯಿಯ ಮಾಲೀಕರಿಗೆ ಸಾಧ್ಯವಾದುದು ನಮ್ಮ ಸಣ್ಣ ಪಟ್ಟಣದ ಹೆಂಚಿನ ಮನೆಯವನಿಗೆ ಸಾಧ್ಯವೆ?

ಸಣ್ಣ ತಕರಾರುಗಳನ್ನು ಸಣ್ಣದಾಗಿರುವಾಗಲೇ ಕೇಳದಿದ್ದರೆ ಅವು ಒಂದಾಗಿ ಬೇರೆ ರೂಪ ತಾಳುತ್ತವೆ. ಅದಕ್ಕೆ ಹಳೆಯ ದೃಷ್ಟಾಂತ ಕಾಶಿಯದು. 1810ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮನೆಗಳ ಮೇಲೆ ತೆರಿಗೆ ಹೇರಿದಾಗ ಕಾಶಿಯ ಜನ ಅಂಗಡಿ ಮುಚ್ಚಿ, ಕಸುಬು ನಿಲ್ಲಿಸಿ, ಮನೆಗಳನ್ನು ಬಿಟ್ಟು ಬಯಲಿನಲ್ಲಿ ಹೋಗಿ ಕುಳಿತರು, ಆಯುಧವೆತ್ತಲಿಲ್ಲ. ಕಂಪನಿಯು ಕೊನೆಗೆ ಆ ತೆರಿಗೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಇದರ ದಾಖಲೆಗಳನ್ನು ಧರ್ಮಪಾಲರು 1971ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಕೂಡಿಸಿಕೊಟ್ಟಿದ್ದಾರೆ. ಕಾಶಿಯವರಿಗೆ ಆಳುವವರನ್ನು ಆರಿಸುವ ಹಕ್ಕಿರಲಿಲ್ಲ, ಕರಡು ನೋಡುವ ಹಕ್ಕಿರಲಿಲ್ಲ. ಆದ್ದರಿಂದ ತೆರಿಗೆಯೇ ಬೇಡವೆನ್ನುವುದು ಅವರಿಗಿದ್ದ ಒಂದೇ ಮಾತು.

ಮತ್ತೊಂದು ದೃಷ್ಟಾಂತ ಸಮುದ್ರದಾಚೆಯದು. ಅಲ್ಲಿ ಮತದ ಹಕ್ಕೂ ಇತ್ತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1970ರ ದಶಕದಲ್ಲಿ ಮನೆಗಳ ಬೆಲೆ ಏರಿದಂತೆ ತೆರಿಗೆಯೂ ಏರಿತು. ಸ್ಥಿರ ವರಮಾನದ ವೃದ್ಧರು ಕಂಗೆಟ್ಟರು. 1978ರಲ್ಲಿ ಜನಮತದ ಮೂಲಕ ‘ಪ್ರೊಪೊಸಿಷನ್ 13’ ಎಂಬ ನಿಬಂಧನೆ ಅಂಗೀಕೃತವಾಯಿತು: ಮೌಲ್ಯವನ್ನು 1975ರ ಮಟ್ಟಕ್ಕೆ ಇಳಿಸಬೇಕು, ತೆರಿಗೆ ಅದರ ಶೇಕಡಾ 1ನ್ನು ಮೀರಕೂಡದು, ಮನೆ ಕೈಬದಲಾಗುವವರೆಗೆ ಮೌಲ್ಯವನ್ನು ವರ್ಷಕ್ಕೆ ಶೇಕಡಾ 2ಕ್ಕಿಂತ ಹೆಚ್ಚಿಸಕೂಡದು. ವೃದ್ಧರು ಉಸಿರಾಡಿದರು. ಆದರೆ ಅಕ್ಕಪಕ್ಕದ ಒಂದೇ ಬಗೆಯ ಎರಡು ಮನೆಗಳಲ್ಲಿ ಹಳಬನು ಕೊಡುವುದಕ್ಕಿಂತ ಹೊಸಬನು ಅನೇಕ ಪಟ್ಟು ಹೆಚ್ಚು ಕೊಡಬೇಕಾಯಿತು. ಊರುಗಳ ಆದಾಯ ಕುಗ್ಗಿ, ಎಷ್ಟೋ ಕಡೆ ಸಾರ್ವಜನಿಕ ಗ್ರಂಥಾಲಯಗಳು ಬಾಗಿಲು ತೆರೆದಿರುವ ವೇಳೆಯೂ ಕುಗ್ಗಿತು. ಸಕಾಲದಲ್ಲಿ ತೆರಿಗೆಯನ್ನು ಹದಕ್ಕೆ ತರದಿದ್ದುದಕ್ಕೆ ಆ ರಾಜ್ಯ ಇಂದಿಗೂ ಬೆಲೆ ತೆರುತ್ತಿದೆ.

ಗ್ರಂಥಾಲಯದ ಮಾತು ಬಂದುದರಿಂದ ಈ ಪುಟದ ವಾಚಕರಿಗೆ ಹತ್ತಿರವಾದ ಒಂದು ಸಂಗತಿಯನ್ನು ಹೇಳಬೇಕು. ಮೇಲೆ ಹೇಳಿದ ಶೇಕಡಾ 24ರ ಉಪಕರದಲ್ಲಿ ಆರೋಗ್ಯಕ್ಕೆ 15, ಗ್ರಂಥಾಲಯಕ್ಕೆ 6, ಭಿಕ್ಷಾಟನೆಯ ನಿವಾರಣೆಗೆ 3. ನಮ್ಮ ಉದಾಹರಣೆಯ ಮನೆಯವನು 2,800 ರೂಪಾಯಿಯ ತೆರಿಗೆಯ ಮೇಲೆ 168 ರೂಪಾಯಿಯನ್ನು ಪುಸ್ತಕಗಳಿಗಾಗಿ ಕೊಟ್ಟಿರುತ್ತಾನೆ. ಗ್ರಂಥಾಲಯ ಕರ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯಿಂದ ಬಂದುದು. ಓದು ಬಾರದವನೂ ತನ್ನ ಮನೆಯ ಮೇಲಿನ ತೆರಿಗೆಯೊಡನೆ ಊರಿನ ಓದಿಗೆ ಪಾಲು ಕೊಡುತ್ತಾನೆಂಬುದು ಎಷ್ಟು ಉದಾತ್ತವಾದ ಕಲ್ಪನೆ! ಆದರೆ ಹೀಗೆ ವಸೂಲಾದ ಹಣ ಗ್ರಂಥಾಲಯಗಳಿಗೆ ಸಕಾಲದಲ್ಲಿ, ಪೂರ್ಣವಾಗಿ ಸಲ್ಲುತ್ತಿಲ್ಲವೆಂಬ ದೂರು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ನನ್ನ ಕಂದಾಯ ಎಷ್ಟು ಎಂದು ಕೇಳುವುದು ತಕರಾರಿನ ಅರ್ಧ; ಅದು ಹೇಳಿದ ಕಡೆಗೆ ಹೋಯಿತೆ ಎಂದು ಕೇಳುವುದು ಉಳಿದರ್ಧ. ಈ ಎರಡನೆಯ ಪ್ರಶ್ನೆಯನ್ನು ಕೇಳಲು ಮನೆ ಸ್ವಂತದ್ದಾಗಿರಬೇಕೆಂಬ ನಿಯಮವೂ ಇಲ್ಲ. ಬಾಡಿಗೆಯವನ ಬಾಡಿಗೆಯಲ್ಲಿ ಮನೆಯೊಡೆಯನ ಕಂದಾಯವೂ ಅಡಗಿರುತ್ತದೆ.

ಪ್ರಶ್ನೆ ಕೇಳಲು ಊರಿಗೊಂದು ಸಭೆ ಬೇಕು. 1993ರ ಜೂನಿನಲ್ಲಿ ಜಾರಿಗೆ ಬಂದ ಸಂವಿಧಾನದ ಎಪ್ಪತ್ತನಾಲ್ಕನೆಯ ತಿದ್ದುಪಡಿಯು ನಗರಗಳ ಚುನಾಯಿತ ಸಭೆಗಳಿಗೆ ಗೌರವದ ಸ್ಥಾನವನ್ನು ಕೊಟ್ಟಿತು. ಆದರೂ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿಗೆ ಚುನಾಯಿತ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಐದಾಗಿ ಒಡೆಯಿತು. ಆ ನಡುವೆಯೇ 78 ಸಾವಿರ ನೋಟೀಸುಗಳು ಹೊರಟವು. 2025ರ ಏಪ್ರಿಲಿನಿಂದ ಕಸದ ವಿಲೇವಾರಿಯ ಶುಲ್ಕವೂ ಮನೆಗಂದಾಯದ ಜೊತೆಗೆ ಸೇರಿತು. ಕಸ ಒಯ್ಯುವುದಕ್ಕೆ ಹಣ ಬೇಕು, ನಿಜ. ಆ ಶುಲ್ಕ ಇಷ್ಟೇ ಏಕೆ ಎಂದು ಕೇಳಲು ನಗರಕ್ಕೆ ಒಬ್ಬ ಚುನಾಯಿತ ಸದಸ್ಯನೂ ಇರಲಿಲ್ಲವೆಂಬುದೂ ಅಷ್ಟೇ ನಿಜ.

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಪ್ರತಿ ಕಂದಾಯದ ಚೀಟಿಯ ಮೇಲೂ ಲೆಕ್ಕದ ಹೆಜ್ಜೆಗಳು ಮೇಲಿನ ಉದಾಹರಣೆಯಂತೆ ಒಂದೊಂದಾಗಿ ಕಾಣಬೇಕು. ಒಟ್ಟು ಮೊತ್ತವೊಂದನ್ನೇ ಮುದ್ರಿಸಿದರೆ ಸಾಲದು. ಎರಡನೆಯದಾಗಿ, ಬೆಲೆಯ ಕರಡು ಪಟ್ಟಿ ನೋಂದಣಿ ಕಚೇರಿಯ ಹಲಗೆಯಿಂದ ಹೊರಬಂದು ವಾರ್ಡಿನ ಗ್ರಂಥಾಲಯಕ್ಕೆ, ಶಾಲೆಗೆ, ಅಂಚೆ ಕಚೇರಿಗೆ ಬರಬೇಕು. ಬಂದ ಪ್ರತಿಯೊಂದು ಆಕ್ಷೇಪಣೆಗೂ ಒಪ್ಪಿದೆವು ಅಥವಾ ಒಪ್ಪಲಿಲ್ಲ, ಇಂಥ ಕಾರಣಕ್ಕೆ, ಎಂದು ಬರಹದಲ್ಲಿ ಉತ್ತರ ಬರಬೇಕು. ಮೂರನೆಯದಾಗಿ, ಹೆಚ್ಚು ಕಟ್ಟಿದವನಿಗೆ ಸಂಸ್ಥೆಯೇ ತಾನಾಗಿ ತಿಳಿಸಿ ಮುಂದಿನ ವರ್ಷಕ್ಕೆ ಜಮೆ ಹಿಡಿಯಬೇಕು. ಕಡಮೆ ಕಟ್ಟಿದವನನ್ನು ಪತ್ತೆಹಚ್ಚುವ ಯಂತ್ರಕ್ಕೆ ಇದೂ ಕಷ್ಟವಾಗಲಾರದು. ನಾಲ್ಕನೆಯದಾಗಿ, ಮನೆ ಇದ್ದು ವರಮಾನವಿಲ್ಲದ ವೃದ್ಧರ ವಿಷಯದಲ್ಲಿ, ಏರಿಕೆಯ ಭಾಗವನ್ನು ಮನೆ ಮಾರುವ ಅಥವಾ ವಾರಸುದಾರರಿಗೆ ಹೋಗುವ ದಿನದವರೆಗೆ ಬಾಕಿ ನಿಲ್ಲಿಸುವ ಸೌಲಭ್ಯ ಬೇಕು. ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ 55 ವರ್ಷ ತುಂಬಿದವರಿಗೆ ಹೀಗೆ ತೆರಿಗೆಯನ್ನು ಮುಂದೂಡುವ ಅವಕಾಶವಿದೆ. ಮಾರಾಟದ ಬೆಲೆಯ ಮೇಲೆ ತೆರಿಗೆ ಹಾಕುವುದೇ ಆದರೆ, ಹೆಚ್ಚಿದ ಭಾಗವನ್ನು ಮಾರಾಟದ ದಿನಕ್ಕೆ ಕೇಳುವುದು ನ್ಯಾಯಕ್ಕೆ ಹೊಂದುತ್ತದೆ. ಊರಿನ ಹಣವೂ ಮುಳುಗುವುದಿಲ್ಲ.

ಪೌರರ ಪಾಲಿಗೂ ಕರ್ತವ್ಯವುಂಟು. ವಿಸ್ತೀರ್ಣವನ್ನು ಕದ್ದು ಬರೆದು, ಅಂಗಡಿಯನ್ನು ವಾಸದ ಮನೆಯೆಂದು ತೋರಿಸಿದವನಿಗೆ ದರದ ಮೇಲೆ ತಕರಾರು ಹೇಳುವ ನೈತಿಕ ಬಲವಿರುವುದಿಲ್ಲ. ಮೊದಲು ಮನೆಯನ್ನು ಸರಿಯಾಗಿ ಅಳೆಯಬೇಕು. ಕಟ್ಟಿದ ವರ್ಷದ ದಾಖಲೆ, ಖಾತೆಯ ಪ್ರತಿ, ಹಿಂದಿನ ರಸೀದಿಗಳು ಒಂದೆಡೆ ಇರಬೇಕು. ತನ್ನ ಬೀದಿ ಯಾವ ವಲಯವೆಂದು ತಿಳಿದಿರಬೇಕು. ಅದೇ ಬೀದಿಯ ನಾಲ್ಕು ಮನೆಗಳವರು ತಮ್ಮ ರಸೀದಿಗಳನ್ನು ಒಂದು ಸಂಜೆ ಒಟ್ಟಿಗೆ ಇಟ್ಟು ನೋಡಬೇಕು. ತಪ್ಪು ಕಂಡರೆ ಮೊದಲು ಹಣ ಕಟ್ಟಿ, ರಸೀದಿಯ ಜೊತೆಗೆ ಆಕ್ಷೇಪಣೆಯ ಅರ್ಜಿಯನ್ನೂ ಕೊಟ್ಟು ಅದಕ್ಕೆ ಸ್ವೀಕೃತಿ ಪಡೆಯುವುದು ಕ್ಷೇಮ. ಬಾಕಿ ನಿಂತರೆ ವಾದ ಗೆಲ್ಲುವ ಹೊತ್ತಿಗೆ ಬಡ್ಡಿ ಬೆಳೆದಿರುತ್ತದೆ.

ಈ ಕೆಲಸದಲ್ಲಿ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಪಾತ್ರವಿದೆ ಎಂದು ನನ್ನ ನಂಬಿಕೆ. ನಮ್ಮ ತರಗತಿಗಳಲ್ಲಿ ಅರ್ಜಿ ಬರೆಯುವುದನ್ನು ಕಲಿಸುತ್ತೇವೆ. ರಜೆಯ ಅರ್ಜಿ, ಕೆಲಸದ ಅರ್ಜಿ. ಆಕ್ಷೇಪಣೆಯ ಅರ್ಜಿಯನ್ನು ಕಲಿಸಿದ್ದು ಅಪರೂಪ. ಕರಡು ಪಟ್ಟಿ ಹೊರಟ ಹದಿನೈದು ದಿನಗಳಲ್ಲಿ ಕಾಲೇಜಿನ ಹುಡುಗ ಹುಡುಗಿಯರು ತಮ್ಮ ತಮ್ಮ ಓಣಿಯಲ್ಲಿ ಕುಳಿತು, ಓದಲು ಬಾರದವರಿಗೆ ಪಟ್ಟಿಯನ್ನು ಓದಿ ಹೇಳಿ, ಕಾರಣಸಹಿತವಾಗಿ ಸರಳ ಕನ್ನಡದಲ್ಲಿ ಹತ್ತು ಸಾಲಿನ ಅರ್ಜಿಯೊಂದನ್ನು ಬರೆದುಕೊಟ್ಟರೆ, ಅದು ಭಾಷಾಭ್ಯಾಸವೂ ಆದೀತು, ಊರಿನ ಕೆಲಸವೂ ಆದೀತು. ಮುಂದಿನ ಪರಿಷ್ಕರಣೆಯ ಕರಡು ಎಂದಾದರೂ ಬಂದೇ ಬರುತ್ತದೆ. ಅದು ಬಂದ ದಿನ ನಮ್ಮ ಊರಿನಲ್ಲಿ ಅದನ್ನು ಓದುವವರು ನಾಲ್ಕು ಜನರಾದರೂ ಇರಲಿ.